ಕಲ್ಲು ಹೊತ್ತು ಊರಿಗೆ ಹೊರಡಬೇಡಿ

೨೦೨೫ರ ಜೂನ್ ತಿಂಗಳ ಕೊನೆಯ ವಾರದಲ್ಲಿ ಎರಡು ವರ್ತಮಾನಗಳು ಬೆನ್ನುಬೆನ್ನಿಗೆ ಬಂದವು. ಮೊದಲನೆಯದನ್ನು ದೇಶವೆಲ್ಲ ಓದಿತು. ಜೂನ್ ೨೫ರಂದು ನಮ್ಮ ವಾಯುದಳದ ಶುಭಾಂಶು ಶುಕ್ಲಾ ಅವರು ಅಮೆರಿಕದಿಂದ ಹಾರಿದ ರಾಕೆಟ್ಟಿನಲ್ಲಿ ಕುಳಿತು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. ಜುಲೈ ೧೫ರಂದು ಸುಖವಾಗಿ ಮರಳಿ ಬಂದರು. ಎರಡನೆಯ ವರ್ತಮಾನ ಕೇರಳದ ಹೊರಗೆ ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಅದೇ ವಾರ ಮುಗಿಯುವಷ್ಟರಲ್ಲಿ ತಿರುವನಂತಪುರದ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೂತ್ರರೋಗ ವಿಭಾಗದ ಮುಖ್ಯಸ್ಥರಾದ ಡಾ. ಹ್ಯಾರಿಸ್ ಚಿರಕ್ಕಲ್ ಅವರು ಫೇಸ್‌ಬುಕ್ಕಿನಲ್ಲಿ ಬಹಿರಂಗವಾಗಿ ಬರೆದರು: ಸಲಕರಣೆಗಳಿಲ್ಲ, ಶಸ್ತ್ರಕ್ರಿಯೆಗಳನ್ನು ಮುಂದೂಡಬೇಕಾಗಿ ಬಂದಿದೆ ಎಂದು. ಮೂತ್ರಪಿಂಡದ ಕಲ್ಲು ಒಡೆಯುವ ಯಂತ್ರಕ್ಕೆ ಬೇಕಾದ ಸಲಕರಣೆಯೂ ಹೀಗೆ ಬಾರದೆ ಉಳಿದವುಗಳಲ್ಲಿ ಒಂದು. ಕೂಗು ಎದ್ದಿತು, ಸರಕಾರ ತಜ್ಞರ ಸಮಿತಿ ನೇಮಿಸಿತು, ಕೆಲವೇ ದಿನಗಳಲ್ಲಿ ಹೈದರಾಬಾದಿನಿಂದ ಸಲಕರಣೆ ಬಂತು, ನಿಂತಿದ್ದ ಶಸ್ತ್ರಕ್ರಿಯೆಗಳು ನಡೆದವು.

ಮುಂಬಯಿಯ ಹೊಟೇಲುಗಳಲ್ಲಿ ದುಡಿಯುವ ನಮಗೆ ಈ ಎರಡು ಸುದ್ದಿಗಳಿಂದ ಆಗಬೇಕಾದ್ದೇನು ಎಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಓದಬೇಕು. ಎರಡೂ ಸುದ್ದಿಗಳಿಗೆ ಒಂದೇ ಊರಿನ ನಂಟಿದೆ. ಎರಡರಲ್ಲೂ ಕಲ್ಲಿನ ವಿಷಯವಿದೆ.

ತಿರುವನಂತಪುರದ ಅಂಚಿನಲ್ಲಿ, ಸಮುದ್ರ ದಂಡೆಯ ಮೇಲೆ, ತುಂಬ ಎಂಬ ಬೆಸ್ತರ ಊರಿದೆ. ಕನ್ನಡಿಗರ ಕಿವಿಗೆ ತಾನಾಗಿಯೇ ಅರ್ಥ ಕೊಡುವ ಹೆಸರು. ೧೯೬೩ರ ನವೆಂಬರ್ ೨೧ರಂದು ನಮ್ಮ ನೆಲದಿಂದ ಮೊದಲನೆಯ ಬಾಹ್ಯಾಕಾಶ ಸಂಶೋಧನಾ ರಾಕೆಟ್ಟು ಮೇಲಕ್ಕೆ ಹೋದದ್ದು ಅಲ್ಲಿಂದಲೇ. ಅಲ್ಲಿನ ಸಂತ ಮೇರಿ ಮಗ್ದಲೇನಾ ಇಗರ್ಜಿಯನ್ನೂ ಸುತ್ತಲಿನ ಮನೆಮಠಗಳನ್ನೂ ಊರವರು ಬಿಟ್ಟುಕೊಟ್ಟಿದ್ದರಿಂದ ಆ ಕೆಲಸ ಆಯಿತು. ರಾಕೆಟ್ಟಿನ ಭಾಗವನ್ನು ಸೈಕಲ್ಲಿನ ಮೇಲಿಟ್ಟು ಒಯ್ಯುತ್ತಿರುವ ಆ ಕಾಲದ ಚಿತ್ರವನ್ನು ನೋಡದವರು ವಿರಳ. ಅದೇ ತುಂಬದಲ್ಲಿರುವ ವಿಕ್ರಮ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿ ೨೦೨೪ರ ಫೆಬ್ರವರಿ ೨೭ರಂದು, ಗಗನಯಾನಕ್ಕೆ ತರಬೇತಿ ಪಡೆದ ನಾಲ್ವರ ಹೆಸರನ್ನು ಪ್ರಧಾನಿಯವರು ಜಗತ್ತಿಗೆ ತಿಳಿಸಿದರು. ಶುಕ್ಲಾ ಅವರು ಆ ನಾಲ್ವರಲ್ಲಿ ಒಬ್ಬರು.

ಈಗ ಕಲ್ಲಿನ ವಿಷಯ. ಆಕಾಶಕ್ಕೆ ಹೋಗುವವರ ವೈದ್ಯರು ಹೆದರುವ ರೋಗಗಳಲ್ಲಿ ಮೂತ್ರಪಿಂಡದ ಕಲ್ಲು ಒಂದು. ಮೈಯ ಭಾರವೇ ಇಲ್ಲದ ಆ ಜಾಗದಲ್ಲಿ ಎಲುಬಿಗೆ ಕೆಲಸವಿಲ್ಲ. ಕೆಲಸವಿಲ್ಲದ ಎಲುಬು ಸವೆದು, ಅದರ ಸುಣ್ಣ ರಕ್ತಕ್ಕೆ ಇಳಿದು ಮೂತ್ರದಲ್ಲಿ ಹೊರಬೀಳುತ್ತದೆ. ಅದರ ಜೊತೆಗೆ ನೀರು ಕಡಿಮೆ ಕುಡಿದರೆ ಕಲ್ಲು ಕಟ್ಟಲು ಇನ್ನೇನು ಬೇಕು? ೧೯೮೨ರಲ್ಲಿ ಸೋವಿಯತ್ ಗಗನಯಾತ್ರಿಯೊಬ್ಬನಿಗೆ ಸಾಲ್ಯುತ್-೭ ನಿಲ್ದಾಣದಲ್ಲಿ ಈ ನೋವು ಕಾಣಿಸಿಕೊಂಡು, ಯಾತ್ರೆಯನ್ನೇ ನಿಲ್ಲಿಸಿ ಕೆಳಗಿಳಿಸುವ ಯೋಚನೆಯವರೆಗೂ ಮಾತು ಹೋಗಿತ್ತು. ಅಷ್ಟರಲ್ಲಿ ಕಲ್ಲು ತಾನಾಗಿ ಜಾರಿ ಹೋಯಿತು. ಎರಡು ವರ್ಷದ ತರುವಾಯ, ೧೯೮೪ರ ಏಪ್ರಿಲಿನಲ್ಲಿ, ನಮ್ಮ ರಾಕೇಶ ಶರ್ಮರು ಹೋಗಿ ಬಂದದ್ದು ಅದೇ ನಿಲ್ದಾಣಕ್ಕೆ. ಶುಕ್ಲಾ ಅವರ ತಂಡದ ನಾಯಕಿಯಾಗಿದ್ದ ಪೆಗ್ಗಿ ವಿಟ್ಸನ್ ಅವರು ಮೂಲತಃ ಜೀವರಸಾಯನ ಶಾಸ್ತ್ರಜ್ಞೆ. ಗಗನಯಾತ್ರಿಗಳ ಕಲ್ಲನ್ನು ತಡೆಯುವುದು ಹೇಗೆಂಬ ಪ್ರಯೋಗವನ್ನು ರೂಪಿಸಿದ್ದ ಆಕೆ ೨೦೦೨ರಲ್ಲಿ ನಿಲ್ದಾಣಕ್ಕೆ ಹೋದಾಗ ಆ ಪ್ರಯೋಗಕ್ಕೆ ತಾವೇ ಒಳಗಾದವರು. ಇನ್ನೊಂದು ತಮಾಷೆ ಕೇಳಿ: ೨೦೦೯ರಲ್ಲಿ ಆ ನಿಲ್ದಾಣದಲ್ಲಿ ಮೂತ್ರವನ್ನು ಶುದ್ಧಿಮಾಡಿ ನೀರಾಗಿಸುವ ಯಂತ್ರವೇ ಕೆಟ್ಟು ನಿಂತಿತು. ಬಿಚ್ಚಿ ನೋಡಿದರೆ ಸುಣ್ಣದ ಹರಳು ಕಟ್ಟಿಕೊಂಡಿತ್ತು. ಮನುಷ್ಯನಿಗಿಂತ ಮೊದಲು ಯಂತ್ರಕ್ಕೇ ಕಲ್ಲಿನ ಬೇನೆ ಬಂದಿತ್ತು.

ಆದುದರಿಂದ ಗಗನಯಾತ್ರಿಯನ್ನು ಕಳಿಸುವ ಮುನ್ನ ಅವನ ಮೂತ್ರಪಿಂಡವನ್ನು ಪರೀಕ್ಷಿಸುತ್ತಾರೆ, ಎಷ್ಟು ನೀರು ಕುಡಿಯಬೇಕೆಂದು ಕಟ್ಟಪ್ಪಣೆ ಮಾಡುತ್ತಾರೆ. ಯಾವ ಸರಕಾರವೂ, ಯಾವ ಕಂಪನಿಯೂ ಕಲ್ಲು ಹೊತ್ತವನನ್ನು ಗೊತ್ತಿದ್ದೂ ಗೊತ್ತಿದ್ದೂ ಮೇಲಕ್ಕೆ ಕಳಿಸುವುದಿಲ್ಲ. ಇದು ಸರಿಯಾದ ಕ್ರಮ. ಇದರಲ್ಲಿ ನಮ್ಮ ಆಕ್ಷೇಪವೇನೂ ಇಲ್ಲ. ನಮ್ಮ ಪ್ರಶ್ನೆ ಬೇರೆ. ವರ್ಷಕ್ಕೊಮ್ಮೆ ಮದುವೆಗೋ, ಕೋಲಕ್ಕೋ, ಚೌತಿಗೋ ಊರಿಗೆ ಹೊರಡುವ ದೋಸೆ ಭಟ್ಟನ ಹೊಟ್ಟೆಯಲ್ಲಿ ಏನಿದೆ ಎಂದು ಯಾರು ನೋಡುತ್ತಾರೆ? ಅವನೂ ಪ್ರಯಾಣಿಕನೇ. ಅವನ ಪ್ರಯಾಣಕ್ಕೂ ಒಂದು ವರ್ಷದ ಉಳಿತಾಯ ಖರ್ಚಾಗುತ್ತದೆ. ಅವನು ದುಡಿಯುವ ಜಾಗವಂತೂ ಕಲ್ಲು ಕಟ್ಟುವುದಕ್ಕೆ ಹೇಳಿ ಮಾಡಿಸಿದ ಜಾಗ.

ಕಲ್ಲು ಕಟ್ಟುವ ಬಗೆಯನ್ನು ಹೊಟೇಲಿನವನಿಗೆ ಬೇರೆಯಾಗಿ ವಿವರಿಸಬೇಕಿಲ್ಲ. ಬಿಸಿನೀರಿನ ಹಂಡೆಯ ತಳದಲ್ಲಿ ಬಿಳಿಯ ಹೊಪ್ಪಳೆ ಕಟ್ಟುವುದನ್ನು ಅವನು ದಿನವೂ ಕಾಣುತ್ತಾನೆ. ಸಕ್ಕರೆ ಪಾಕ ಹೆಚ್ಚು ಕಾದು ನೀರು ಆರಿದರೆ ಹರಳಾಗುವುದನ್ನೂ ಬಲ್ಲ. ಮೂತ್ರವೂ ಹಾಗೆಯೇ. ಅದರಲ್ಲಿ ಕರಗಿರುವ ಲವಣಗಳಿಗೆ ಸಾಕಷ್ಟು ನೀರು ಸಿಗದಾಗ ಅವು ಹರಳಾಗುತ್ತವೆ. ಹರಳಿಗೆ ಹರಳು ಸೇರಿ ಕಲ್ಲಾಗುತ್ತದೆ. ಇಂಥ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಭಟ್ಟಿಯ ಮುಂದೆ ಹತ್ತು ಗಂಟೆ ನಿಂತವನ ಮೈಯ ನೀರೆಲ್ಲ ಬೆವರಾಗಿ ಹೋಗುತ್ತದೆ. ಮೂತ್ರಕ್ಕೆ ಉಳಿಯುವುದು ಒಂದಿಷ್ಟು ಗಾಢ ಹಳದಿ ನೀರು.

ಇದು ಬರಿಯ ಊಹೆಯ ಮಾತಲ್ಲ. ಬ್ರಿಟಿಷ್ ನೌಕಾಪಡೆಯವರು ೧೯೬೦ರ ದಶಕದಲ್ಲಿ ತಮ್ಮ ನಾವಿಕರಲ್ಲಿ ಯಾರಿಗೆ ಕಲ್ಲು ಹೆಚ್ಚು ಎಂದು ಲೆಕ್ಕ ತೆಗೆದಾಗ, ಮುಂದೆ ನಿಂತವರು ಅಡಿಗೆಯವರು ಮತ್ತು ಎಂಜಿನ್ ಕೋಣೆಯವರು. ಇಟಲಿಯ ಗಾಜಿನ ಕಾರ್ಖಾನೆಯೊಂದರಲ್ಲಿ ಕುಲುಮೆಯ ಬಿಸಿಗೆ ಮೈಯೊಡ್ಡಿದವರಲ್ಲಿ ನೂರಕ್ಕೆ ಎಂಟೂವರೆ ಮಂದಿಗೆ ಕಲ್ಲಿತ್ತು. ತಂಪಿನಲ್ಲಿ ದುಡಿಯುವವರಲ್ಲಿ ನೂರಕ್ಕೆ ಎರಡೂವರೆಯೂ ಇರಲಿಲ್ಲ. ಇದು ೧೯೯೩ರಲ್ಲಿ ಪ್ರಕಟವಾದ ಲೆಕ್ಕ. ಬ್ರೆಜಿಲಿನ ಉಕ್ಕಿನ ಕಾರ್ಖಾನೆಯ ಲೆಕ್ಕ ೨೦೦೫ರಲ್ಲಿ ಬಂತು: ಬಿಸಿಯ ಖಾತೆಯಲ್ಲಿ ನೂರಕ್ಕೆ ಎಂಟು, ತಂಪಿನ ಖಾತೆಯಲ್ಲಿ ನೂರಕ್ಕೆ ಒಂದೂ ಇಲ್ಲ. ಕಾರ್ಖಾನೆ ಒಂದೇ, ಆಡಳಿತ ಒಂದೇ, ಬಿಸಿ ಮಾತ್ರ ಬೇರೆ. ನಮ್ಮ ಗಿರಣಿಗಳ ನೇಯ್ಗೆ ಖಾತೆಯಲ್ಲಿ ನೂಲು ಹರಿಯದಿರಲೆಂದು ಹವೆಯನ್ನೇ ತೇವಗೊಳಿಸಿ, ಬೆವರು ಆರದ ಸೆಕೆಯಲ್ಲಿ ಒಂದು ತಲೆಮಾರು ದುಡಿದದ್ದನ್ನು ಹಿರಿಯ ಬಂಧುಗಳು ಮರೆತಿರಲಾರರು. ೧೯೮೨ರ ಮುಷ್ಕರದ ತರುವಾಯ ಗಿರಣಿಗಳ ಭೋಂಗಾ ಒಂದೊಂದಾಗಿ ನಿಂತಿತು. ಆ ಸೆಕೆಯನ್ನು ಮೈಯಲ್ಲಿ ಹೊತ್ತವರು ಇನ್ನೂ ನಮ್ಮ ನಡುವೆ ಇದ್ದಾರೆ.

ಬೆವರಿದವನು ನೀರು ಕುಡಿಯಬಾರದೇ? ನೀರೇನು ಧಣಿ ಬೀಗ ಹಾಕಿ ಇಟ್ಟಿದ್ದಾನೆಯೇ? ಎಂದು ಕೇಳುವವರುಂಟು. ಕೇಳುವುದು ಸುಲಭ. ನೀರು ಕುಡಿದವನು ಮೂತ್ರಕ್ಕೆ ಹೋಗಲೇಬೇಕು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಾವಲಿ ಬಿಟ್ಟು ಹೋದರೆ ಆರು ಮೇಜಿನ ದೋಸೆ ನಿಲ್ಲುತ್ತದೆ, ಗಲ್ಲೆಯಿಂದ ಕೂಗು ಬರುತ್ತದೆ. ಎಷ್ಟೋ ಕಡೆ ಗಿರಾಕಿಗಳ ಶೌಚಾಲಯಕ್ಕೆ ಕೆಲಸದವರು ಹೋಗಕೂಡದು. ಕೆಲಸದವರದ್ದು ಹಿಂದಿನ ಗಲ್ಲಿಯ ಕೊನೆಯಲ್ಲಿ, ಅಲ್ಲಿಯೂ ಸಾಲು. ಆದುದರಿಂದ ಮಾಣಿಯೂ ಭಟ್ಟನೂ ಒಂದು ಉಪಾಯ ಕಂಡುಕೊಂಡಿದ್ದಾರೆ: ಬಾಯಿ ಒಣಗಿದಾಗ ಅರ್ಧ ಲೋಟ ಚಹ. ಈ ಉಪಾಯದ ಬೆಲೆ ಐದು ವರ್ಷ, ಹತ್ತು ವರ್ಷದ ತರುವಾಯ ಪಕ್ಕೆಯಲ್ಲಿ ಕಾಣಿಸುತ್ತದೆ. ಧಣಿಗಳೆಲ್ಲ ನಿರ್ದಯಿಗಳೆಂದು ನಾವು ಹೇಳುತ್ತಿಲ್ಲ. ಅವರಲ್ಲಿ ಎಷ್ಟೋ ಮಂದಿ ಇದೇ ಒಲೆಯ ಮುಂದಿನಿಂದ ಎದ್ದು ಗಲ್ಲೆಗೆ ಹೋಗಿ ಕುಳಿತವರು. ಕುಳಿತ ಮೇಲೆ ನಿಂತ ಕಾಲದ ನೆನಪು ಕಡಿಮೆಯಾಗುತ್ತದೆ, ಅಷ್ಟೆ.

ಕೇರಳದವರಿಂದ ನಾವು ಕಲಿಯಬೇಕಾದದ್ದು ಇಲ್ಲಿದೆ. ಕೋಝಿಕ್ಕೋಡಿನ ಮಿಠಾಯಿ ತೆರುವು ಎಂಬ ಅಂಗಡಿಬೀದಿಯಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಇಡೀ ದಿನ ನಿಂತೇ ಇರಬೇಕು, ಕುಳಿತರೆ ದಂಡ. ಮೂತ್ರಕ್ಕೆ ಹೋಗಬೇಕಾಗುತ್ತದೆಂದು ಆ ಹೆಂಗಸರು ನೀರನ್ನೇ ಬಿಟ್ಟಿದ್ದರು. ವಿಜಿ ಎಂಬ ಹೊಲಿಗೆ ಕೆಲಸದ ಹೆಣ್ಣುಮಗಳು ಅವರನ್ನು ಸೇರಿಸಿ 'ಪೆಣ್‌ಕೂಟ್ಟು' ಎಂಬ ಕೂಟ ಕಟ್ಟಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕುಳಿತುಕೊಳ್ಳುವ ಹಕ್ಕು ಕೇಳಿದರು. ನಕ್ಕವರೇ ಹೆಚ್ಚು. ಆದರೆ ೨೦೧೮ರಲ್ಲಿ ಕೇರಳ ಸರಕಾರ ಅಂಗಡಿಗಳ ಕಾಯ್ದೆಯನ್ನು ತಿದ್ದಿ ಕುಳಿತುಕೊಳ್ಳುವ ಹಕ್ಕನ್ನು ಕೊಟ್ಟಿತು; ೨೦೨೧ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ದೊಡ್ಡ ದೊಡ್ಡ ಪಕ್ಷಗಳು ಹಿಡಿಯದ ಪ್ರಶ್ನೆಯನ್ನು ನಾಲ್ಕು ಅಂಗಡಿಯ ಹೆಂಗಸರು ಹಿಡಿದರು. ಹೊಟೇಲಿನ ಹಿಂಬದಿಯಲ್ಲಿ ತರಕಾರಿ ಹೆಚ್ಚುವ, ಪಾತ್ರೆ ತಿಕ್ಕುವ ನಮ್ಮ ಅಕ್ಕತಂಗಿಯರ ಪಾಡೂ ಬೇರೆಯಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಕಾಯ್ದೆಯ ಮಾತು ಬಂದದ್ದರಿಂದ ಇನ್ನೊಂದೆರಡು ವಾಕ್ಯ. ೧೯೪೮ರ ಫ್ಯಾಕ್ಟರಿ ಕಾಯ್ದೆಯ ೧೮ನೆಯ ಕಲಮು ಕಾರ್ಖಾನೆಗಳಲ್ಲಿ ಕುಡಿಯುವ ನೀರಿನ ಜಾಗವನ್ನು ಗೊತ್ತುಮಾಡಿ, ಅಲ್ಲಿನ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ 'ಕುಡಿಯುವ ನೀರು' ಎಂದು ಬರೆಯಿಸಬೇಕೆಂದು ವಿಧಿಸಿತ್ತು. ೨೫೦ಕ್ಕಿಂತ ಹೆಚ್ಚು ಮಂದಿ ಇದ್ದರೆ ಬೇಸಗೆಯಲ್ಲಿ ತಂಪಾದ ನೀರನ್ನೇ ಕೊಡಬೇಕಿತ್ತು. ೨೦೨೫ರ ನವೆಂಬರ್ ೨೧ರಿಂದ ಆ ಕಾಯ್ದೆಯ ಸ್ಥಾನಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅದರಲ್ಲೂ ಕುಡಿಯುವ ನೀರು, ಶೌಚಾಲಯ ಧಣಿಯ ಹೊಣೆಯೇ. ನಲವತ್ತು ದಾಟಿದ ಕಾರ್ಮಿಕನಿಗೆ ವರ್ಷಕ್ಕೊಮ್ಮೆ ಪುಕ್ಕಟೆ ಆರೋಗ್ಯ ತಪಾಸಣೆ ಎಂದೂ ಸರಕಾರ ಸಾರಿದೆ. ಈ ಸಂಹಿತೆಗಳ ಬಗ್ಗೆ ಸಂಘಗಳಲ್ಲಿ ಭಿನ್ನಾಭಿಪ್ರಾಯ ಬೇಕಾದಷ್ಟಿದೆ, ಅದು ಬೇರೆ ಲೇಖನದ ವಿಷಯ. ಆದರೆ ಕೊಡುತ್ತೇವೆಂದ ತಪಾಸಣೆಯನ್ನು ಕೇಳಿ ಪಡೆಯುವುದಕ್ಕೆ ಯಾವ ಭಿನ್ನಾಭಿಪ್ರಾಯವೂ ಅಡ್ಡಬರಬೇಕಿಲ್ಲ. ಆ ತಪಾಸಣೆಯಲ್ಲಿ ಹೊಟ್ಟೆಯ ಸೋನೋಗ್ರಫಿಯೂ ಮೂತ್ರ ಪರೀಕ್ಷೆಯೂ ಸೇರಿರಬೇಕೆಂದು ಬಿಸಿಯ ಮುಂದೆ ದುಡಿಯುವವರು ಒತ್ತಾಯಿಸಬೇಕು. ಎದೆಗೆ ಕೊಳವೆ ಹಚ್ಚಿ, ನಾಲಗೆ ನೋಡಿ, ಸಹಿ ಹಾಕಿಸಿಕೊಂಡು ಕಳಿಸುವ ತಪಾಸಣೆ ನಮಗೆ ಬೇಡ.

ಇನ್ನು ಪ್ರಯಾಣ. ನಮ್ಮವರಲ್ಲಿ ಒಂದು ರೂಢಿಯಿದೆ. ಪಕ್ಕೆಯಲ್ಲಿ ನೋವು ಬಂದರೆ ಔಷಧದ ಅಂಗಡಿಯಿಂದ ಎರಡು ಗುಳಿಗೆ ತಂದು ನುಂಗಿ, 'ಹೇಗೂ ಮುಂದಿನ ತಿಂಗಳು ಊರಿಗೆ ಹೋಗುತ್ತೇನೆ, ಅಲ್ಲಿ ಪಂಡಿತರಿಗೆ ತೋರಿಸಿದರಾಯಿತು' ಎಂದು ದಿನ ತಳ್ಳುವುದು. ಇಲ್ಲಿ ತೋರಿಸಿದರೆ ರಜೆ ಹೋಗುತ್ತದೆ, ರಜೆ ಹೋದರೆ ಪಗಾರ ಹೋಗುತ್ತದೆ, ಬದಲಿ ಬಂದವನು ಜಾಗದಲ್ಲಿ ಕಾಯಮ್ಮಾಗಿ ಕುಳಿತುಬಿಟ್ಟರೆ ಎಂಬ ಭಯವೂ ಇದೆ. ಈ ಭಯ ಸುಳ್ಳಲ್ಲವಾದ್ದರಿಂದಲೇ ಇದರ ಬಗ್ಗೆ ಬರೆಯಬೇಕಾಯಿತು. ಆದರೆ ಲೆಕ್ಕ ಹಾಕಿ ನೋಡಿ. ಕಲ್ಲು ಮೂತ್ರಪಿಂಡದ ಒಳಗೆ ಸುಮ್ಮನಿರುವವರೆಗೆ ನೋವಿಲ್ಲ. ಅದು ಹೊರಟು ಸಪೂರ ಮೂತ್ರನಾಳದಲ್ಲಿ ಸಿಕ್ಕಿಕೊಂಡಾಗ ಬರುವ ನೋವನ್ನು ಹೆರಿಗೆ ಬೇನೆಗೆ ಹೋಲಿಸಿದವರು ಹೆರಿಗೆಯನ್ನೂ ಕಲ್ಲನ್ನೂ ಎರಡನ್ನೂ ಅನುಭವಿಸಿದ ಹೆಂಗಸರೇ. ಆ ನೋವು ಗಳಿಗೆ ನೋಡಿ ಬರುವುದಿಲ್ಲ. ರೈಲು ರತ್ನಾಗಿರಿ ದಾಟಿ ಸುರಂಗದಿಂದ ಸುರಂಗಕ್ಕೆ ನುಗ್ಗುತ್ತಿರುವಾಗ, ನಡುರಾತ್ರಿ ಎರಡು ಗಂಟೆಗೆ ಬಂದರೆ ಯಾರನ್ನು ಕರೆಯುವಿರಿ? ಜನರಲ್ ಡಬ್ಬಿಯಲ್ಲಿ ಶೌಚಾಲಯದ ಬಾಗಿಲಿನವರೆಗೂ ಜನ. ಅಲ್ಲಿಗೆ ಹೋಗುವುದೇ ಕಷ್ಟವೆಂದು ಮುಂಬಯಿಯಿಂದ ಮಂಗಳೂರಿನವರೆಗೆ ಒಂದು ಗುಟುಕು ನೀರನ್ನೂ ಕುಡಿಯದೆ ಬರುವವರನ್ನು ನಾವೆಲ್ಲ ಬಲ್ಲೆವು. ಕಲ್ಲಿದ್ದವನಿಗೆ ಅಂಥ ಒಂದು ರಾತ್ರಿ ಸಾಕು.

ನೋವಿನ ಜೊತೆಗೆ ಚಳಿಜ್ವರ ಬಂದರೆ, ಮೂತ್ರ ಪೂರಾ ಕಟ್ಟಿಹೋದರೆ, ಅಥವಾ ಒಂದೇ ಮೂತ್ರಪಿಂಡ ಇರುವವನಿಗೆ ಕಲ್ಲು ಅಡ್ಡಬಂದರೆ, ಅದು ಊರು ಮುಟ್ಟುವವರೆಗೆ ತಡೆಯುವ ವಿಷಯವೇ ಅಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ಆಸ್ಪತ್ರೆ ಸೇರಬೇಕು. ಕಟ್ಟಿನಿಂತ ಮೂತ್ರದಲ್ಲಿ ಕೀವಾದರೆ ಅದರ ವಿಷ ರಕ್ತಕ್ಕೇರಿ ಒಂದೆರಡು ದಿನದಲ್ಲಿ ಮನುಷ್ಯನೇ ಹೋಗಬಹುದು. ಟಿಕೇಟಿನ ಹಣ ಹೋಯಿತೆಂದು ನೋಡುವ ಹೊತ್ತು ಅದಲ್ಲ. ನೋವಿನ ಗುಳಿಗೆಗಳ ವಿಷಯದಲ್ಲೂ ಒಂದು ಮಾತು: ಅವು ಕಲ್ಲನ್ನು ಕರಗಿಸುವುದಿಲ್ಲ, ನೋವನ್ನು ಮುಚ್ಚುತ್ತವೆ. ನೀರಿಲ್ಲದ ಮೈಗೆ ದಿನಗಟ್ಟಲೆ ಅವನ್ನೇ ತುಂಬಿದರೆ ಮೂತ್ರಪಿಂಡಕ್ಕೇ ಏಟು ಬೀಳುತ್ತದೆ. ವೈದ್ಯರು ಬರೆದುಕೊಟ್ಟಷ್ಟೇ ನುಂಗಬೇಕು.

ಆದುದರಿಂದ ನಮ್ಮ ಸಲಹೆ ಬಹಳ ಸರಳ. ೨೦೨೪ರ ನವೆಂಬರ್‌ನಿಂದ ರೈಲಿನ ಮುಂಗಡ ಟಿಕೇಟು ಅರವತ್ತು ದಿನ ಮೊದಲೇ ತೆರೆಯುತ್ತದೆ. ಟಿಕೇಟು ಮಾಡಿಸಿದ ದಿನವೇ, ಅಥವಾ ಆ ವಾರದ ರಜೆಯ ದಿನ, ಒಂದು ಸೋನೋಗ್ರಫಿ ಮಾಡಿಸಿಬಿಡಿ. ಹಿಂದೊಮ್ಮೆ ಕಲ್ಲು ಬಂದವರಂತೂ ಮಾಡಿಸಲೇಬೇಕು, ಏಕೆಂದರೆ ಒಮ್ಮೆ ಬಂದ ಮನೆಗೆ ಅದು ದಾರಿ ಮರೆಯುವುದಿಲ್ಲ. ಅರವತ್ತು ದಿನ ಕೈಯಲ್ಲಿದ್ದರೆ ವೈದ್ಯರಿಗೂ ನಿಮಗೂ ಯೋಚಿಸಲು ಎಡೆಯುಂಟು. ಐದು ಮಿಲಿಮೀಟರಿಗಿಂತ ಸಣ್ಣ ಕಲ್ಲು ಹೆಚ್ಚಾಗಿ ತಾನೇ ಜಾರಿ ಹೋಗುತ್ತದೆ. ನೀರು, ನೋವಿನ ಔಷಧ, ಕೆಲವು ವಾರದ ತಾಳ್ಮೆ ಸಾಕಾಗಬಹುದು. ಹತ್ತು ಮಿಲಿಮೀಟರು ಮೀರಿದ್ದು ತಾನಾಗಿ ಹೋಗುವ ಆಸೆ ಕಡಿಮೆ. ನಡುವಿನದಕ್ಕೆ ಜಾಗವನ್ನೂ ರೋಗಿಯ ಸ್ಥಿತಿಯನ್ನೂ ನೋಡಿ ವೈದ್ಯರು ನಿರ್ಣಯಿಸುತ್ತಾರೆ.

ಒಡೆಸುವುದೆಂದರೆ ಹೊಟ್ಟೆ ಕೊಯ್ಯುತ್ತಾರೆಂದು ಹೆದರುವ ಕಾಲ ಹೋಯಿತು. ೧೯೮೦ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೊದಲ ಬಾರಿಗೆ ಮೈಯ ಹೊರಗಿನಿಂದಲೇ ಆಘಾತ ತರಂಗಗಳನ್ನು ಬಿಟ್ಟು ಮೂತ್ರಪಿಂಡದ ಕಲ್ಲನ್ನು ಪುಡಿಮಾಡಿದರು. ಆ ಯಂತ್ರ ಮಾಡಿದ್ದು ಯಾರು ಗೊತ್ತೇ? ಡಾರ್ನಿಯರ್ ಎಂಬ ವಿಮಾನದ ಕಂಪನಿ. ಅತಿವೇಗದ ವಿಮಾನಕ್ಕೆ ಮಳೆಹನಿ ಬಡಿದಾಗ ಹುಟ್ಟುವ ಆಘಾತದ ಅಲೆ ಲೋಹದ ಮೇಲೆ ಏನು ಮಾಡುತ್ತದೆ ಎಂದು ಶೋಧಿಸುತ್ತಿದ್ದವರಿಗೆ ಕಲ್ಲು ಒಡೆಯುವ ದಾರಿ ಹೊಳೆಯಿತು. ಆಕಾಶದ ವಿದ್ಯೆ ಬಡವನ ಪಕ್ಕೆಯ ನೋವಿಗೂ ಉಪಯೋಗಕ್ಕೆ ಬಂದದ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನಮಗೆ ತಿಳಿದಿಲ್ಲ. ಅದಕ್ಕೇ ಹೇಳುವುದು, ತುಂಬದ ರಾಕೆಟ್ಟಿಗೆ ಹಣ ಏಕೆ ಎಂದು ಕೇಳುವವರ ಸಾಲಿನಲ್ಲಿ ನಾವು ನಿಲ್ಲುವುದಿಲ್ಲ. ರಾಕೆಟ್ಟಿಗೂ ಇರಲಿ, ಅದೇ ಊರಿನ ಆಸ್ಪತ್ರೆಯಲ್ಲಿ ಕಲ್ಲು ಒಡೆಯುವ ಸಲಕರಣೆಯೂ ಇರಲಿ. ಒಬ್ಬ ವೈದ್ಯರು ತಮ್ಮ ನೌಕರಿಗೆ ಏನಾದೀತೆಂದು ನೋಡದೆ ಕೂಗಿದ ಮೇಲೆ ನಾಲ್ಕೇ ದಿನದಲ್ಲಿ ಬರಬಹುದಾದ ಸಾಮಾನು, ಕೂಗುವ ಮೊದಲು ಏಕೆ ಬರಲಿಲ್ಲ ಎಂಬುದೇ ಪ್ರಶ್ನೆ. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ನಾವು. ದುಡ್ಡಿದ್ದವನಿಗೆ ಆ ಸಲಕರಣೆ ಎದುರು ಬೀದಿಯ ಖಾಸಗಿ ಆಸ್ಪತ್ರೆಯಲ್ಲಿ ಸಿಗುತ್ತದೆ.

ಉಪಚಾರದ ವಿಧಾನ ಯಾವುದೇ ಆಗಲಿ, ಇಂದು ಒಡೆಸಿ ನಾಳೆ ರೈಲು ಹತ್ತುವಂತಿಲ್ಲ. ಆಘಾತ ತರಂಗದಿಂದ ಪುಡಿಯಾದ ಚೂರುಗಳು ಇಳಿಯಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಇಳಿಯುವ ದಾರಿಯಲ್ಲಿ ಚೂರೊಂದು ಸಿಕ್ಕಿಕೊಂಡರೆ ಮತ್ತೆ ಅದೇ ನೋವು. ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ ಲೇಸರಿನಿಂದ ಒಡೆದರೂ, ದೊಡ್ಡ ಕಲ್ಲಿಗೆ ಬೆನ್ನಿನ ಕಡೆಯಿಂದ ಸಣ್ಣ ರಂಧ್ರ ಮಾಡಿ ತೆಗೆದರೂ, ಮೈ ಮಾಗಲು ಸಮಯ ಕೊಡಬೇಕು. ಕೆಲವು ವಾರ ಭಾರ ಎತ್ತಬಾರದೆಂದು ವೈದ್ಯರು ಹೇಳಿದರೆ, ಇಪ್ಪತ್ತು ಲೀಟರಿನ ಸಾಂಬಾರಿನ ಪಾತ್ರೆಯೂ ಭಾರವೇ, ಊರಿನವರಿಗೆಂದು ತುಂಬಿದ ಟ್ರಂಕೂ ಭಾರವೇ. ಕೊಲ್ಲಿ ದೇಶಗಳಿಗೆ ಹೊರಟ ತಮ್ಮಂದಿರಿಗೆ ಇದನ್ನು ಎರಡು ಬಾರಿ ಹೇಳಬೇಕು. ಅಲ್ಲಿನ ಸೆಕೆ ನಮ್ಮ ಭಟ್ಟಿಯ ಅಪ್ಪ. ಇಲ್ಲಿ ಸುಮ್ಮನಿದ್ದ ಕಲ್ಲು ಅಲ್ಲಿ ಎದ್ದರೆ, ಭಾಷೆ ಬಾರದ ಊರು, ಕೈಯಲ್ಲಿ ಕಾಗದವಿಲ್ಲದ ಹೊಸ ಕೆಲಸ, ಮೊದಲ ತಿಂಗಳ ಸಂಬಳವೂ ಬಂದಿರುವುದಿಲ್ಲ. ವೀಸಾ ಬಂದ ಸಂಭ್ರಮದಲ್ಲಿ ಪಕ್ಕೆಯ ನೋವನ್ನು ಬಚ್ಚಿಡುವ ಹುಡುಗನಿಗೆ ಬುದ್ಧಿ ಹೇಳುವುದು ಕೋಣೆಯ ಜೊತೆಗಾರರ ಕರ್ತವ್ಯ.

ಖರ್ಚಿಗೆ ಏನು ದಾರಿ? ರಾಜ್ಯವಿಮೆ, ಅಂದರೆ ಇ.ಎಸ್.ಐ., ಕಾರ್ಡು ಇರುವವರು ಅದನ್ನು ಪೆಟ್ಟಿಗೆಯ ತಳದಿಂದ ತೆಗೆಯಬೇಕು. ಆ ಯೋಜನೆ ೧೯೫೨ರ ಫೆಬ್ರವರಿಯಲ್ಲಿ ಕಾನಪುರ ಮತ್ತು ದಿಲ್ಲಿಯಲ್ಲಿ ಆರಂಭವಾದದ್ದು. ೨೦೧೭ರಲ್ಲಿ ಪಗಾರದ ಮಿತಿಯನ್ನು ತಿಂಗಳಿಗೆ ೨೧,೦೦೦ ರೂಪಾಯಿಗೆ ಏರಿಸಿದ್ದರು. ಅದರಲ್ಲಿ ಉಪಚಾರವಷ್ಟೇ ಅಲ್ಲ, ವೈದ್ಯರು ಸರ್ಟಿಫಿಕೇಟು ಕೊಟ್ಟ ರಜೆಗೆ ಪಗಾರದ ನೂರಕ್ಕೆ ಎಪ್ಪತ್ತರಂತೆ ವರ್ಷದಲ್ಲಿ ೯೧ ದಿನಗಳವರೆಗೆ ಭತ್ತೆಯೂ ಉಂಟು. ಪಗಾರ ಹೋಗುವ ಭಯಕ್ಕೆ ಇದೇ ಮದ್ದು. ನಮ್ಮ ಹೆಸರಿನಲ್ಲಿ ವಂತಿಗೆ ಕಟ್ಟುತ್ತಿದ್ದಾರೆಯೇ ಇಲ್ಲವೇ ಎಂದು ತಿಳಿಯದವರೇ ನಮ್ಮಲ್ಲಿ ಹೆಚ್ಚು. ಇಂದೇ ಗಲ್ಲೆಯಲ್ಲಿ ಕೇಳಿ. ಕೊಚ್ಚಿ, ತಿರುವನಂತಪುರಗಳ ಹೊಟೇಲುಗಳಲ್ಲಿರುವ ನಮ್ಮ ಜನಕ್ಕೆ ಇನ್ನೊಂದು ಬಾಗಿಲಿದೆ. ಹೊರರಾಜ್ಯಗಳಿಂದ ಬಂದ ಕಾರ್ಮಿಕರಿಗಾಗಿ ಕೇರಳ ಸರಕಾರ ೨೦೧೭ರಲ್ಲಿ 'ಆವಾಜ್' ಎಂಬ ವಿಮಾ ಯೋಜನೆ ತೆರೆಯಿತು. ಹೆಸರು ಬರೆಸಿ ಕಾರ್ಡು ಪಡೆದವರಿಗೆ ಆಸ್ಪತ್ರೆಯ ಉಪಚಾರದಲ್ಲಿ ಒಂದಿಷ್ಟು ನೆರವು ಸಿಗುವಂತೆ ಮಾಡಿದ್ದರು. ಅಲ್ಲಿರುವ ಬಂಧುಗಳು ವಿಚಾರಿಸಿ ನೋಡಲಿ.

ಮನೆಮದ್ದಿನ ವಿಷಯ ಹೇಳದಿದ್ದರೆ ಲೇಖನ ಅಪೂರ್ಣವೆನ್ನುವ ಓದುಗರಿದ್ದಾರೆ. ಬಾಳೆದಿಂಡಿನ ಪಲ್ಯ, ಹುರುಳಿ ಸಾರು, ಬಾರ್ಲಿ ನೀರು, ಎಳನೀರು ಒಳ್ಳೆಯ ಪದಾರ್ಥಗಳೇ, ತಿನ್ನಿ, ಕುಡಿಯಿರಿ. ಅವುಗಳ ಜೊತೆ ಹೋಗುವ ನೀರಂತೂ ಖಂಡಿತ ಉಪಕಾರ ಮಾಡುತ್ತದೆ. ಆದರೆ ಹನ್ನೆರಡು ಮಿಲಿಮೀಟರಿನ ಕಲ್ಲನ್ನು ಬಾಳೆದಿಂ‍ಡು ಕರಗಿಸುತ್ತದೆಂದು ನಂಬಿ ಆರು ತಿಂಗಳು ಕಾಯುವುದು ಮೂತ್ರಪಿಂಡವನ್ನು ಪಣಕ್ಕಿಟ್ಟು ಆಡುವ ಜೂಜು. ಬಿಯರು ಕುಡಿದರೆ ಕಲ್ಲು ಹೋಗುತ್ತದೆಂಬ ಮಾತು ನಮ್ಮ ಹೊಟೇಲು ಹುಡುಗರಲ್ಲಿ ಬಹಳ ಬಳಕೆಯಲ್ಲಿದೆ. ಕಲ್ಲು ಇಲ್ಲದವರೂ ಈ ಔಷಧವನ್ನು ಮುಂಜಾಗ್ರತೆಗೆ ಸೇವಿಸುತ್ತಾರೆಂದು ಕೇಳಿದ್ದೇವೆ! ಮದ್ಯ ಮೈಯ ನೀರನ್ನು ಹೊರಹಾಕಿ ಮರುದಿನ ಇನ್ನಷ್ಟು ಒಣಗಿಸುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ, ಕಲ್ಲು ಸುಣ್ಣದ್ದಾದ್ದರಿಂದ ಹಾಲು ಮೊಸರು ಬಿಡಬೇಕು ಎಂಬುದು. ಅಮೆರಿಕದಲ್ಲಿ ೪೫,೦೦೦ಕ್ಕೂ ಹೆಚ್ಚು ಗಂಡಸರ ಆಹಾರವನ್ನು ಲೆಕ್ಕವಿಟ್ಟು ೧೯೯೩ರಲ್ಲಿ ಪ್ರಕಟಿಸಿದಾಗ ತಿಳಿದದ್ದು ತದ್ವಿರುದ್ಧ: ಊಟದಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದವರಿಗೆ ಕಲ್ಲು ಕಡಿಮೆ. ಬಿಡಬೇಕಾದದ್ದು, ಅಥವಾ ಇಳಿಸಬೇಕಾದದ್ದು, ಉಪ್ಪು. ಮಜ್ಜಿಗೆ ಬಿಟ್ಟು ಉಪ್ಪಿನಕಾಯಿ ಇಟ್ಟುಕೊಂಡವನು ಲೆಕ್ಕ ತಲೆಕೆಳಗು ಮಾಡಿಕೊಂಡ ಹಾಗೆ.

ನೀರೆಷ್ಟು? ದಿನಕ್ಕೆ ಎರಡೂವರೆ ಲೀಟರು ಮೂತ್ರ ಹೋಗುವಷ್ಟು ಎಂಬುದು ಕಲ್ಲು ಬಂದವರಿಗೆ ವೈದ್ಯರು ಹೇಳುವ ಅಳತೆ. ಭಟ್ಟಿಯ ಮುಂದಿನವನಿಗೆ ಬೆವರಿನ ಲೆಕ್ಕವನ್ನೂ ಸೇರಿಸಬೇಕು. ಹೃದಯದ ಅಥವಾ ಮೂತ್ರಪಿಂಡದ ಬೇರೆ ರೋಗವಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಅಳತೆ ಗೊತ್ತುಮಾಡಿಕೊಳ್ಳಬೇಕು. ಅಳೆಯುವ ಪಾತ್ರೆ ಬೇಡ, ಬಣ್ಣ ನೋಡಿದರೆ ಸಾಕು. ತಿಳಿಯಾಗಿದ್ದರೆ ಸರಿ, ಚಹದ ಬಣ್ಣಕ್ಕೆ ಬಂದರೆ ನೀರು ಸಾಲದು. ೨೦೧೯ರಲ್ಲಿ ಕೇರಳದ ಶಾಲೆಗಳು ಮಕ್ಕಳು ನೀರು ಕುಡಿಯಲೆಂದೇ ಬೇರೆ ಗಂಟೆ ಬಾರಿಸಲು ತೊಡಗಿದವು. ಅದನ್ನು ನೋಡಿ ಕರ್ನಾಟಕದ ಶಾಲೆಗಳಲ್ಲೂ ಅದೇ ಕ್ರಮ ತಂದರು. ಶಾಲೆಯ ಮಕ್ಕಳಿಗೆ ಬಾರಿಸುವ ಗಂಟೆಯನ್ನು ಹೊಟೇಲಿನ ಒಳಮನೆಯಲ್ಲೂ ಬಾರಿಸಬಹುದಲ್ಲ? ಗಂಟೆಗೊಮ್ಮೆ ಎರಡು ನಿಮಿಷ. ಒಬ್ಬ ಹೋಗಿ ಬರುವವರೆಗೆ ಪಕ್ಕದವನು ಕಾವಲಿ ನೋಡಿಕೊಂಡರಾಯಿತು. ಇದಕ್ಕೆ ಧಣಿಗೆ ಒಂದು ಕಾಸೂ ಖರ್ಚಿಲ್ಲ. ಸಂಘದ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಪಗಾರದ ಕಲಮಿನ ಕೆಳಗೆ ಇದಕ್ಕೂ ಒಂದು ಸಾಲು ಸಿಗಬೇಕೆಂಬುದು ನಮ್ಮ ಅಭಿಪ್ರಾಯ.

ಕೊನೆಗೆ, ಶಸ್ತ್ರಕ್ರಿಯೆ ಮಾಡಿಸಿಕೊಂಡು ಊರಿಗೆ ಹೊರಟವರಿಗೆ. ಕಲ್ಲು ತೆಗೆದ ಮೇಲೆ ಮೂತ್ರನಾಳ ಊದಿಕೊಂಡು ಮುಚ್ಚದಿರಲೆಂದು ಒಳಗೆ ಸ್ಟೆಂಟ್ ಎಂಬ ಸಪೂರ ಕೊಳವೆ ಇಡುವುದುಂಟು. ಅದು ಹೊರಗೆ ಕಾಣುವುದಿಲ್ಲ. ನೋವು ಹೋಗಿರುತ್ತದೆ, ಮನಸ್ಸು ಊರಿನ ಕಡೆಗಿರುತ್ತದೆ, ಕೊಳವೆಯ ನೆನಪೇ ಇರುವುದಿಲ್ಲ. ಒಂದು ಊರಿನಲ್ಲಿ ಶಸ್ತ್ರಕ್ರಿಯೆಯಾಗಿ ಇನ್ನೊಂದು ಊರಿಗೆ ಹೋದವರಲ್ಲಿ ಈ ಮರೆವು ಸಹಜ. ತಿಂಗಳುಗಟ್ಟಲೆ ಒಳಗೆ ಉಳಿದ ಕೊಳವೆಯ ಮೇಲೆಯೇ ಕಲ್ಲು ಕಟ್ಟಿ, ಅದನ್ನು ತೆಗೆಯುವುದು ಮೊದಲಿನ ಶಸ್ತ್ರಕ್ರಿಯೆಗಿಂತ ಕಠಿಣವಾಗುತ್ತದೆ. ಆಸ್ಪತ್ರೆಯಿಂದ ಬಿಡುವಾಗ 'ಒಳಗೆ ಕೊಳವೆ ಇಟ್ಟಿದ್ದೀರಾ, ಯಾವ ದಿನ ತೆಗೆಯಬೇಕು' ಎಂದು ಬಾಯಿಬಿಟ್ಟು ಕೇಳಿ. ಆ ದಿನಾಂಕವನ್ನು ಚೀಟಿಯಲ್ಲಿ ಬರೆಸಿಕೊಂಡು, ಮರಳಿ ಬರುವ ಟಿಕೇಟನ್ನು ಅದಕ್ಕಿಂತ ಎರಡು ದಿನ ಮುಂಚೆಯದಾಗಿ ಮಾಡಿಸಿ. ಊರಿನಲ್ಲಿಯೇ ತೆಗೆಸುವುದಾದರೆ ಚೀಟಿಯನ್ನೂ ಚಿತ್ರಗಳನ್ನೂ ಬಟ್ಟೆಯ ಪೆಟ್ಟಿಗೆಯಲ್ಲಿಡದೆ, ಕೈಚೀಲದಲ್ಲಿ, ನೀರಿನ ಬಾಟಲಿಯ ಜೊತೆ ಇಟ್ಟುಕೊಳ್ಳಿ.